ನಾಳೆ ಬಾ, ಈಗ ಓದುತ್ತಿದ್ದೇನೆ

ನನ್ನ ಹೆಂಡತಿ ತೀರಿಕೊಂಡ ಸುದ್ದಿಯನ್ನು ಅವಳ ಗೆಳತಿಯರಿಗೆ ತಿಳಿಸಿದ್ದು ಅವಳೇ. ಹಾಗೆಂದು ಅವರು ಹತ್ತು ನಿಮಿಷದ ಮಟ್ಟಿಗಾದರೂ ನಂಬಿದ್ದರು. ತಪ್ಪು ನನ್ನದು.

ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಅವರವರ ಊರು ಸೇರಿ, ಮಗ ವಿಮಾನ ಹತ್ತಿದ ಮೇಲೆ ಸರಸ್ವತೀಪುರದ ಮನೆಯಲ್ಲಿ ಉಳಿದವರು ಮೂವರು: ನಾನು, ಗೋಡೆ ಗಡಿಯಾರ, ಅವಳ ಫೋನು. ಗಡಿಯಾರ ಗಂಟೆಗೊಮ್ಮೆ ಸದ್ದು ಮಾಡುತ್ತಿತ್ತು. ಫೋನು ರಾತ್ರಿ ಹತ್ತು ದಾಟಿದರೆ ನಿಮಿಷಕ್ಕೊಮ್ಮೆ. ಮೂರು ರಾತ್ರಿ ಸಹಿಸಿ, ನಾಲ್ಕನೆಯ ರಾತ್ರಿ ಎದ್ದು ಕನ್ನಡಕ ಹುಡುಕಿದೆ. ಫೋನು ನಾಲ್ಕು ಅಂಕಿ ಕೇಳಿತು. ನಮ್ಮ ಮದುವೆಯ ವರ್ಷ ಒತ್ತಿದೆ, ತೆರೆಯಲಿಲ್ಲ. ಮಗ ಹುಟ್ಟಿದ ವರ್ಷ ಒತ್ತಿದೆ, ತೆರೆಯಿತು. ಸರಿ.

ವಾಟ್ಸಾಪಿನಲ್ಲಿ ಹನ್ನೊಂದು ಜನ ಹೆಂಗಸರ ಒಂದು ಗುಂಪು. ಅಂದು ಅವರು ಚರ್ಚಿಸುತ್ತಿದ್ದ ಕಥೆಯಲ್ಲಿ ಸತ್ತುಹೋದ ಹುಡುಗನೊಬ್ಬ ತನ್ನ ಪ್ರೇಯಸಿಗೆ ನಡುರಾತ್ರಿ ಮೆಸೇಜು ಕಳಿಸುತ್ತಾನಂತೆ. ನಡುನಡುವೆ, “ಅಕ್ಕಾ ಎಲ್ಲಿದೀರ? ಹದಿನೈದು ದಿನ ಆಯ್ತು, ಪತ್ತೇನೇ ಇಲ್ಲ” ಎಂದು ನನ್ನವಳನ್ನು ಕೂಗುತ್ತಿದ್ದರು. ನಾನು ಮೇಷ್ಟ್ರ ಕನ್ನಡದಲ್ಲಿ ಬರೆದೆ: “ನಿಮ್ಮ ಗೆಳತಿಯವರು ಕಳೆದ ತಿಂಗಳು 24ನೇ ತಾರೀಖು ನಿಧನರಾದರು. ಇನ್ನು ಮುಂದೆ ಈ ನಂಬರಿಗೆ ಸಂದೇಶ ಕಳುಹಿಸಬಾರದಾಗಿ ವಿನಂತಿ.” ಹೊತ್ತು ಹನ್ನೊಂದೂ ನಲವತ್ತು. ಪಕ್ಕದಲ್ಲಿ ಅವಳದೇ ಫೋಟೋ, ಮೈಸೂರು ಸಿಲ್ಕ್ ಸೀರೆಯಲ್ಲಿ, ಹಲ್ಲು ಕಾಣುವಂತೆ ನಗುತ್ತಾ.

ಅತ್ತ ಕಡೆಯಿಂದ ಕಣ್ಣೀರು ಸುರಿಸಿ ನಗುವ ಹಳದಿ ಮುಖಗಳು ಸಾಲುಸಾಲಾಗಿ ಬಂದವು. “ಸೂಪರ್ ಅಕ್ಕಾ, ಕಥೆ ಹುಡುಗನಿಗಿಂತ ನೀವೇ ವಾಸಿ!” ಇದು ತಮಾಷೆಯಲ್ಲ ಎಂದು ಬರೆದೆ. “ಸಾಕು ಬಿಡಿ ಅಕ್ಕಾ, ನಮ್ಮನೆಯವರು ನೈಟ್ ಶಿಫ್ಟು, ಒಬ್ಬಳೇ ಇದೀನಿ” ಎಂದಿತು ಇನ್ನೊಂದು. ಬೇರೆ ದಾರಿ ಕಾಣದೆ ದನಿ ಮುದ್ರಿಸಿ ಕಳಿಸಿದೆ. ನನ್ನದು ಮೈಕಿಲ್ಲದೆ ಪ್ರಾರ್ಥನೆಯ ಸಾಲು ನಿಲ್ಲಿಸಿದ ಗಂಟಲು. ಹೆಂಗಸಿನ ಫೋಟೋದೊಳಗಿಂದ ಗಂಡು ದನಿ ಗುಡುಗಿ “ಅವರು ಸತ್ತಿದ್ದಾರೆ” ಎಂದರೆ ಯಾರ ಎದೆ ತಾನೆ ನಿಂತಲ್ಲಿ ನಿಂತೀತು? ಎಂಟು ನಿಮಿಷ ಗುಂಪು ಸ್ತಬ್ಧ. ಆಮೇಲೆ ಧಾರವಾಡದವರೊಬ್ಬರು ಬರೆದರು: “ಅಣ್ಣಾರ, ತಪ್ಪಾತ್ರಿ. ನಕ್ಕಬಿಟ್ವಿ.”

ಗುಂಪು ಬಿಟ್ಟು ಹೊರಬರಬೇಕೆಂದೇ ಇದ್ದೆ. ಬಿಡುವ ಬಟನ್ನು ಎಲ್ಲಿದೆ ಎಂದು ತಿಳಿಯಲಿಲ್ಲ. ಹುಡುಕುತ್ತಾ ಮೇಲಕ್ಕೆ ಸರಿಸಿದೆ, ಇನ್ನೂ ಮೇಲಕ್ಕೆ ಸರಿಸಿದೆ. ಬೆಳಗಿನ ಹಾಲಿನವನು ಬಂದಾಗಲೂ ಸರಿಸುತ್ತಲೇ ಇದ್ದೆ.

ನನ್ನ ಜಾತಕ ಇಲ್ಲಿ ಸ್ವಲ್ಪ ಹೇಳಬೇಕು. ನಾನು 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದಾಗ ನಾನು ಕಾಲೇಜು ಹುಡುಗ. ಆವತ್ತಿನಿಂದ ಅವರ ಭಕ್ತ. ಈ ಪದ ಅವರಿಗೆ ಹಿಡಿಸುತ್ತಿರಲಿಲ್ಲ, ಬೇರೆ ಪದ ನನಗೆ ತೋಚುತ್ತಿಲ್ಲ. ದೆವ್ವ ಇಲ್ಲ ಎಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. 90ರ ದಶಕದಲ್ಲಿ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುವ ಹುಚ್ಚು ಹಬ್ಬಿತಲ್ಲ, ಆಗ ನಾನು ಹಳ್ಳಿ ಶಾಲೆಯಲ್ಲಿದ್ದೆ. ರಾತ್ರಿ ಬಾಗಿಲು ತಟ್ಟಿ ಹೆಸರು ಹಿಡಿದು ಕರೆಯುವ ಹೆಣ್ಣು ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದಂತೆ. ಮಾರನೆಯ ದಿನವೂ ಅದೇ ಬರಹ, ಅದೇ ವಾಪಸಾತಿ. ಒಂದು ಮನೆಯ ಬಾಗಿಲಲ್ಲಿ ‘ನಾಳೆ ಭಾ’ ಎಂದಿತ್ತು. ಜೇಬಿನಿಂದ ಸೀಮೆಸುಣ್ಣ ತೆಗೆದು ಮಹಾಪ್ರಾಣ ಅಳಿಸಿ ತಿದ್ದಿದೆ. “ದೆವ್ವಕ್ಕಾದರೂ ಸರಿಯಾದ ಕನ್ನಡ ತೋರಿಸಿ” ಎಂದು ಬೈದೂ ಬಂದೆ. ಊರವರು ಮೇಷ್ಟ್ರೇ ಮಂತ್ರಿಸಿ ಕೊಟ್ಟರೆಂದು ಆ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿದರು.

ಈಗ ಯೋಚಿಸಿದರೆ ಆ ದೆವ್ವ ನನಗಿಂತ ಮೇಲು. ದಿನಕ್ಕೆ ಎರಡು ಪದವನ್ನಾದರೂ ತಪ್ಪದೆ ಓದುತ್ತಿತ್ತು. ನಾನು ಕಾಲೇಜಿನಲ್ಲಿ ಕಾರಂತ, ಕುವೆಂಪು ಎಂದು ರಾತ್ರಿಯೆಲ್ಲ ಕೂತವನು, ಕೆಲಸಕ್ಕೆ ಸೇರಿದ ಮೇಲೆ ಪಠ್ಯಪುಸ್ತಕ, ಉತ್ತರಪತ್ರಿಕೆ, ಕೊನೆಕೊನೆಗೆ ಪೇಪರು ಮತ್ತು ಕರೆಂಟು ಬಿಲ್ಲು, ಇಷ್ಟಕ್ಕೆ ಇಳಿದಿದ್ದೆ. ನಿವೃತ್ತನಾದ ಮೇಲೆ ಓದುತ್ತೇನೆಂದು ಎತ್ತಿಟ್ಟ ಪುಸ್ತಕಗಳನ್ನು ಗೆದ್ದಲು ನನಗಿಂತ ಮೊದಲು ಓದಿ ಮುಗಿಸಿತ್ತು.

ಓದುತ್ತಿದ್ದವಳು ಅವಳು. ಚಾಮರಾಜಪುರಂನ ಹುಡುಗಿ. ಕಾದಂಬರಿಕಾರ್ತಿ ತ್ರಿವೇಣಿಯವರ ಮನೆಯಿದ್ದ ಬಡಾವಣೆಯವಳು ಎಂಬುದು ಅವಳಿಗೆ ಎಂ.ಎ. ಪದವಿಗಿಂತ ದೊಡ್ಡದು. ತ್ರಿವೇಣಿ ಹೋದದ್ದು 1963ರಲ್ಲಿ, 35 ತುಂಬುವ ಮೊದಲೇ. ಇವಳು ಆಗಿನ್ನೂ ತೊಟ್ಟಿಲಲ್ಲಿ. ಆದರೂ ‘ಬೆಕ್ಕಿನ ಕಣ್ಣು’, ‘ಶರಪಂಜರ’ಗಳ ಬಗ್ಗೆ ಮಾತಾಡುವಾಗ ಪಕ್ಕದ ಮನೆಯವರ ವಿಷಯ ಹೇಳುವಂತೆ ದನಿ ತಗ್ಗಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಬೀದಿ ಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಬಾಡಿಗೆಗೆ ಕಾದಂಬರಿ ತರುತ್ತಿದ್ದಳು. ಖಾಕಿ ರಟ್ಟು, ದಪ್ಪ ದಾರದ ಹೊಲಿಗೆ, ಕೊನೆಯ ಪುಟ ಸಾಮಾನ್ಯವಾಗಿ ಮಾಯ. ಅಂಚಿನ ತುಂಬ ಹಿಂದೆ ಓದಿದವರ ಟಿಪ್ಪಣಿಗಳು: “ಇವನನ್ನು ನಂಬಬೇಡ”, “ಅತ್ತೆ ಸಾಯುವವರೆಗೆ ಓದಿ ನಿಲ್ಲಿಸಿ”. ಮುಖ ಕಾಣದ ಆ ಓದುಗಿತ್ತಿಯರ ಕೈಬರಹವನ್ನು ಅವಳು ಗುರುತು ಹಿಡಿಯುತ್ತಿದ್ದಳು. ಹಸಿರು ಶಾಯಿಯವಳು ಹೊಗಳಿದ್ದರೆ ಪುಸ್ತಕ ಕಣ್ಣುಮುಚ್ಚಿ ತರಬಹುದು, ಪೆನ್ಸಿಲಿನವಳು ಅಳುಬುರುಕಿ ಎಂದೆಲ್ಲ ಲೆಕ್ಕ. ವಾಟ್ಸಾಪು ಬರುವುದಕ್ಕೆ ದಶಕಗಳ ಮೊದಲೇ ಅವಳು ಗುಂಪಿನಲ್ಲಿದ್ದಳು ಎಂದು ನನಗೀಗ ಹೊಳೆಯುತ್ತದೆ.

ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡಕ್ಕೆ ಬಂದು ಮನೆಮನೆಯ ಹೆಂಗಸರು ಹಿತ್ತಲಿಗೆ ಒಬ್ಬರೇ ಹೋಗಲು ಅಂಜಿದಾಗ ನಾನು ಆ ಪುಸ್ತಕವನ್ನು ಅಟ್ಟಕ್ಕೆ ಎಸೆದಿದ್ದೆ. ಅವಳು ಏಣಿ ಹಾಕಿ ತೆಗೆದುಕೊಂಡಳು. ಟಿ.ವಿ.ಯಲ್ಲಿ ದೆವ್ವದ ಸಿನಿಮಾ ‘ನಾ ನಿನ್ನ ಬಿಡಲಾರೆ’ ಬಂದ ದಿನ ಪಕ್ಕದಲ್ಲಿ ಕೂತು ನಾನು ಉನ್ಮಾದದ ಮನಶ್ಶಾಸ್ತ್ರ ವಿವರಿಸಿದೆ. ಅವಳು ದನಿ ಜಾಸ್ತಿ ಮಾಡಿದಳು. ಆಮೇಲಾಮೇಲೆ ನನ್ನೆದುರು ಪುಸ್ತಕ ಹಿಡಿಯುವುದನ್ನೇ ಬಿಟ್ಟಳು. ಓದು ನಿಂತಿತು ಎಂದುಕೊಂಡೆ. ಫೋನಿಗೆ ಸ್ಥಳಾಂತರವಾಗಿತ್ತು, ಅಷ್ಟೆ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ತಾಣಗಳಲ್ಲಿ ಕನ್ನಡದ ಗೃಹಿಣಿಯರು, ನರ್ಸುಗಳು, ಟೀಚರುಗಳು ದಿನಕ್ಕೊಂದು ಅಧ್ಯಾಯದಂತೆ ಬರೆಯುವ ಕಥೆಗಳಲ್ಲಿ ದೆವ್ವ ಪ್ರೀತಿಸುತ್ತದೆ, ನಾಗಿಣಿ ಮದುವೆಯಾಗುತ್ತಾಳೆ, ಹಿಂದಿನ ಜನ್ಮದ ಗಂಡ ಈ ಜನ್ಮದ ಆಫೀಸಿಗೆ ಮ್ಯಾನೇಜರಾಗಿ ಬರುತ್ತಾನೆ. ಅಲ್ಲಿ ಪರಿಚಯವಾದವರದೇ ಈ ಗುಂಪು. ಒಬ್ಬರೂ ಇನ್ನೊಬ್ಬರ ಮುಖ ನೋಡಿರಲಿಲ್ಲ.

ಆ ರಾತ್ರಿ ಮೇಲಕ್ಕೆ ಸರಿಸುತ್ತಾ ನಾನು ಓದಿದ್ದು ಅವಳ ನಾಲ್ಕು ವರ್ಷದ ಮಾತುಗಳನ್ನು. ಮನೆಯಲ್ಲಿ “ಹೂಂ”, “ಸಾರು ಬಿಸಿ ಮಾಡ್ಲಾ” ಎಂದಷ್ಟೇ ಅನ್ನುತ್ತಿದ್ದವಳು ಅಲ್ಲಿ ಗುಂಪಿಗೇ ವಿಮರ್ಶಕಿ. ಒಂದು ಕಥೆಯ ಭೂತ ಎಂಟು ಅಧ್ಯಾಯ ಕಿಟಕಿಯ ಹೊರಗೇ ನಿಂತಿತ್ತಂತೆ. “ಇಷ್ಟು ಹೊತ್ತಿಗೆ ನಮ್ಮ ನಲ್ಲಿ ರಿಪೇರಿಯವನೂ ಬಂದುಹೋಗಿರ್ತಿದ್ದ” ಎಂದು ಬರೆದಿದ್ದಳು. ಎಲ್ಲರೂ ಒಬ್ಬ ರಕ್ತಪಿಶಾಚಿ ನಾಯಕನ ಸೊಬಗಿಗೆ ಮರುಳಾಗಿದ್ದ ದಿನ ಅವಳ ಮಾತು ಇದು: “ರಕ್ತ ಕುಡಿಯೋನಾದ್ರೂ ಅಡ್ಡಿಯಿಲ್ಲ ಕಣ್ರೇ, ಕುಡಿದ ಲೋಟ ತೊಳೆದಿಡ್ತಾನಾ ಕೇಳಿ. ನಮ್ಮನೇಲಿ ಒಬ್ರು ಕಾಫಿ ಕುಡಿದು ನಲವತ್ತು ವರ್ಷದಿಂದ ಲೋಟ ಪೇಪರ್ ಮೇಲೇ ಇಡ್ತಾ ಇದಾರೆ.” ಅದಕ್ಕೆ ಹತ್ತು ಜನರ ಚಪ್ಪಾಳೆ. ನನ್ನ ಲೋಟದ ಕೀರ್ತಿ ಧಾರವಾಡ, ಪುತ್ತೂರು, ತುಮಕೂರು ದಾಟಿ ಕ್ಯಾಲಿಫೋರ್ನಿಯಾಕ್ಕೂ ಮುಟ್ಟಿತ್ತು.

ಬಿಡಲು ಮನಸ್ಸಾಗಲಿಲ್ಲ. ಅವರೂ ಬಿಡಲಿಲ್ಲ. “ಅಕ್ಕ ಅರ್ಧ ಓದಿ ಬಿಟ್ಟ ಕಥೆ ಒಂದಿದೆ ಸರ್. ನೀವು ಮುಗಿಸಿ ಹೇಗಿತ್ತು ಹೇಳಿ” ಎಂದರು ತುಮಕೂರಿನವರು. ಶ್ರಾದ್ಧದ ಕೆಲಸವೆಂದೇ ಒಪ್ಪಿಕೊಂಡೆ. ಗುಂಪಿನವರ ಫೋನುಗಳಲ್ಲಿ ಈ ನಂಬರಿಗೆ ಅವಳ ಹೆಸರೇ ಉಳಿದಿದೆ. ಆದ್ದರಿಂದ ನಾನು ಏನು ಬರೆದರೂ ಅವಳು ಬರೆದಂತೆಯೇ ಕಾಣುತ್ತದೆ. ಬದುಕಿಡೀ ಅವಳು ‘ಮೇಷ್ಟ್ರ ಹೆಂಡ್ತಿ’ಯಾಗಿದ್ದಳು, ನಾನೀಗ ‘ಅಕ್ಕನ ಮನೆಯವರು’. ಸ್ವಂತ ಹೆಸರಿಲ್ಲದೆ ಇರುವುದು ಅಭ್ಯಾಸವಾಗಲು ಸ್ವಲ್ಪ ದಿನ ಬೇಕಾಗುತ್ತದೆ.

ಹಾಸನದ ಹುಡುಗಿಯೊಬ್ಬಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಇಂಗ್ಲಿಷ್ ಪುಸ್ತಕಗಳನ್ನು ಓದಿ ದನಿ ಸಂದೇಶದಲ್ಲಿ ಹಾಸನದ ಕನ್ನಡಕ್ಕೆ ಇಳಿಸಿ ಹೇಳುವುದು ಅವಳ ಪಾಲಿನ ಸೇವೆ. ಸ್ಟೆಫನಿ ಮೇಯರ್ ಬರೆದ, 2005ರಲ್ಲಿ ಬಂದ ‘ಟ್ವೈಲೈಟ್’ ನನಗೆ ದಕ್ಕಿದ್ದು ಹೀಗೆ. “ಫೋರ್ಕ್ಸ್ ಅನ್ನೋ ಊರು ಸರ್. ನಮ್ಮ ಸಕಲೇಶಪುರ ಅಂದ್ಕೊಳ್ಳಿ, ಮಳೆ ಬಿಡೋದೇ ಇಲ್ಲ.” ನಾಯಕ ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ, 1918ರ ಇನ್‌ಫ್ಲುಯೆಂಜಾದಲ್ಲಿ ಸಾಯುವಂತಿದ್ದಾಗ ರಕ್ತಪಿಶಾಚಿಯಾದವನು, ಅಂದಿನಿಂದ ಹದಿನೇಳಕ್ಕೇ ನಿಂತಿದ್ದಾನೆ, ಇನ್ನೂ ಹೈಸ್ಕೂಲಿಗೆ ಹೋಗುತ್ತಿದ್ದಾನೆ. ಇಲ್ಲಿ ನನ್ನೊಳಗಿನ ಮೇಷ್ಟ್ರು ತಡೆದುಕೊಳ್ಳಲಿಲ್ಲ. ಎಸ್‌ಎಸ್‌ಎಲ್‌ಸಿಯನ್ನು ಆರು ಸಲ ಕಟ್ಟಿದವರನ್ನು ನಾನು ಬಲ್ಲೆ, ಆದರೆ ನೂರು ವರ್ಷ ದಾಟಿಯೂ ಶಾಲೆ ಬಿಡದವನನ್ನು ಹಾಜರಿ ಪುಸ್ತಕದಲ್ಲಿ ಹೇಗೆ ಮುಂದುವರಿಸಿದರು? ಬಿಸಿಲು ಬಿದ್ದರೆ ಅವನ ಮೈ ವಜ್ರದಂತೆ ಹೊಳೆಯುತ್ತದಂತೆ. ಪೂರ್ಣಾಂತರಿಕ ಪ್ರತಿಫಲನವೋ ಏನು ಎಂದು ಕೇಳಿದೆ. ಬರೀ ರಕ್ತದಲ್ಲಿ ಸಿ ವಿಟಮಿನ್ ಎಷ್ಟಿರುತ್ತದೆ, ಅವನ ಒಸಡು ಹೇಗಿದೆ ಎಂದೂ ಕೇಳಿದೆ. ಗುಂಪಿನಲ್ಲಿ ಮತ ಹಾಕಿ ನನಗೆ ದಿನಕ್ಕೆ ಒಂದೇ ಪ್ರಶ್ನೆ ಎಂದು ನಿಗದಿ ಮಾಡಿದರು.

ಇನ್ನೊಂದು ಪ್ರಶ್ನೆ ಉಳಿದಿತ್ತು, ಅದನ್ನೂ ಒಂದು ದಿನ ಕೇಳಿದೆ. ಇದೆಲ್ಲ ಪರದೇಶದ ಸರಕು, ನಮ್ಮ ಹೆಂಗಸರು ಯಾಕೆ ಹೀಗೆ ಮುಗಿಬೀಳುತ್ತಾರೆ ಎಂಬುದು. ಅದಕ್ಕೆ ಉತ್ತರ ಕೊಟ್ಟವರು ಧಾರವಾಡದವರು. ಅವರು ಹಳಗನ್ನಡ ಪಾಠ ಮಾಡಿ ನಿವೃತ್ತರಾದವರು ಎಂದು ನನಗೆ ಆಗ ಗೊತ್ತಿರಲಿಲ್ಲ.

“ಸರ, ನಾವಲ್‌ಗೆ ಕನ್ನಡದಾಗ ಏನಂತೀರಿ?”

“ಕಾದಂಬರಿ.”

“ಅದು ಯಾರ ಹೆಸರ್ರೀ?”

ನಾನು ತಲೆ ಕೆರೆದುಕೊಂಡೆ. ಅವರು ಹೇಳಿದರು. ಏಳನೆಯ ಶತಮಾನದ ಬಾಣಭಟ್ಟನ ನಾಯಕಿಯ ಹೆಸರು ಅದು. ಆ ಕಥೆಯಲ್ಲಿ ಪುಂಡರೀಕನೆಂಬ ಋಷಿಕುಮಾರ ಮಹಾಶ್ವೇತೆಯನ್ನು ಕಂಡು ವಿರಹದಲ್ಲಿ ಸಾಯುತ್ತಾನೆ. ಅವನ ದೇಹವನ್ನು ಚಂದ್ರಲೋಕದವನೊಬ್ಬ ಹೊತ್ತೊಯ್ಯುತ್ತಾನೆ. ಅವಳು ಅಚ್ಛೋದ ಸರೋವರದ ದಂಡೆಯಲ್ಲಿ ಕಾಯುತ್ತಾ ಕೂರುತ್ತಾಳೆ. ಅವಳ ಗೆಳತಿ ಕಾದಂಬರಿ ಒಲಿದ ಚಂದ್ರಾಪೀಡನೂ ಸಾಯುತ್ತಾನೆ, ಆದರೆ ಶವ ಕೆಡುವುದಿಲ್ಲ. ಅವಳು ಅದನ್ನು ಕಾದುಕೊಂಡಿರುತ್ತಾಳೆ. ಒಬ್ಬ ಗಿಣಿಯಾಗಿ ಹುಟ್ಟುತ್ತಾನೆ, ಇನ್ನೊಬ್ಬ ರಾಜನಾಗಿ. ಕಥೆ ಹೇಳುವುದೇ ಆ ಗಿಣಿ. ಬರೆಯುತ್ತಿದ್ದ ಬಾಣನೇ ನಡುವೆ ತೀರಿಕೊಂಡು ಉಳಿದದ್ದನ್ನು ಮಗ ಮುಗಿಸಿದ. ಹತ್ತನೆಯ ಶತಮಾನದ ಹೊತ್ತಿಗೆ ನಾಗವರ್ಮ ಅದನ್ನು ಕನ್ನಡಕ್ಕೆ ತಂದ. “ಈಗ ಹೇಳ್ರಿ ಸರ. ಸತ್ತವರ ಜೋಡಿ ಪ್ರೀತಿ ಮಾಡಿದ ಹುಡುಗಿ ಹೆಸರನ್ನ ನಾವು ಎಲ್ಲಾ ಪುಸ್ತಕಕ್ಕೂ ಇಟ್ಟಬಿಟ್ಟೇವಿ. ಕಾರಂತರು ಬರದದ್ದೂ ಕಾದಂಬರೀನ, ಭೈರಪ್ಪನವರು ಬರದದ್ದೂ ಕಾದಂಬರೀನ. ಪರದೇಶದ್ದು ಯಾವದು?”

ಅಂದಿನ ಒಂದು ಪ್ರಶ್ನೆಯ ಕೋಟಾ ಅಲ್ಲಿಗೆ ಮುಗಿದಿತ್ತು, ಸುಮ್ಮನಾದೆ.

ಆಮೇಲೆ ಪುತ್ತೂರಿನ ನರ್ಸಮ್ಮ ಶುರು ಮಾಡಿದರು. “ನಮ್ಮಲ್ಲಿ ಮದುವೆಯೇ ಮಾಡಿಸ್ತಾರೆ ಮಾರಾಯ್ರೆ.” ತುಳುನಾಡಿನ ಕುಲೆ ಮದಿಮೆಯ ಮಾತು. ಕುಲೆ ಎಂದರೆ ಪ್ರೇತ. ಎಳವೆಯಲ್ಲೇ ತೀರಿಕೊಂಡ ಮಗುವಿಗೆ ಮದುವೆಯ ಪ್ರಾಯ ಬಂತೆಂದು ಎಷ್ಟೋ ವರ್ಷದ ಮೇಲೆ, ಅಂಥದೇ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಸೀರೆ ಪಂಚೆಗಳನ್ನಿಟ್ಟು ಧಾರೆ ಎರೆಯುತ್ತಾರೆ, ಊಟ ಹಾಕುತ್ತಾರೆ. ಹುಡುಗಿಗೆ ವಯಸ್ಸು ಹೆಚ್ಚಾಯಿತೆಂದು ಸಂಬಂಧ ಬೇಡವೆಂದವರೂ ಇದ್ದಾರಂತೆ! 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ತೀರಿಕೊಂಡ ಕೂಸಿಗೆ ಪ್ರೇತ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತೇ ಕೊಟ್ಟಿತ್ತು. ದೇಶವೆಲ್ಲ ಅದನ್ನು ಓದಿ ನಕ್ಕಿತು. ನಾನೂ ಪೇಪರಿನಲ್ಲಿ ನೋಡಿ ನಕ್ಕವನೇ. ನರ್ಸಮ್ಮ ಹೇಳಿದರು: “ಆ ಅಮ್ಮನಿಗೆ ಮಗಳು ಮೂವತ್ತು ವರ್ಷ ಮನೆಯಲ್ಲೇ ಬೆಳೆದಿದ್ದಾಳೆ ಸರ್. ಅದು ನಮಗೆ ಕಾಣುವುದಿಲ್ಲ, ಅಷ್ಟೇ.” ದೆವ್ವ ಇದೆ ಎಂದು ಅವರೂ ಹೇಳಲಿಲ್ಲ. ನಾನೂ ಇಲ್ಲ ಎಂದು ಹೇಳಲು ಹೋಗಲಿಲ್ಲ.

ಹೀಗೆ ಒಂದರಿಂದ ಒಂದಕ್ಕೆ ಹಾಯುತ್ತಾ ಓದು ಹತ್ತಿಕೊಂಡಿತು. ಗಿರೀಶ ಕಾರ್ನಾಡರ ‘ನಾಗಮಂಡಲ’ ತಂದೆ. ರಾತ್ರಿ ಗಂಡನ ರೂಪದಲ್ಲಿ ಬರುವ ನಾಗಪ್ಪನ ಆ ಕಥೆಯನ್ನು ಕಾರ್ನಾಡರಿಗೆ ಹೇಳಿದವರು ಎ.ಕೆ. ರಾಮಾನುಜನ್, ನಮ್ಮ ಮೈಸೂರಿನಲ್ಲೇ 1929ರಲ್ಲಿ ಹುಟ್ಟಿ ಮಹಾರಾಜ ಕಾಲೇಜಿನಲ್ಲಿ ಓದಿದವರು. ಹಗಲು ಗಂಡ ಸಿಡುಕ, ರಾತ್ರಿಯ ಗಂಡ ಹಾವು, ರಾತ್ರಿಯವನೇ ಮಾತಾಡಿಸುವವನು. ಇದನ್ನು ಯಾವ ಅಡುಗೆಮನೆಯಲ್ಲಿ ಯಾವ ಅಜ್ಜಿ ಮೊದಲು ಹೇಳಿದಳೋ, ಅವಳ ಗಂಡನೂ ಲೋಟ ಪೇಪರ್ ಮೇಲೇ ಇಡುತ್ತಿದ್ದಿರಬೇಕು. ಪೇಪರ್ ಇನ್ನೂ ಹುಟ್ಟಿರಲಿಲ್ಲವೆಂದರೆ ಮಣೆಯ ಮೇಲೆ.

ಕೊನೆಗೆ ಆರ್.ಕೆ. ನಾರಾಯಣರ ಮನೆಯಿರುವ ನಮ್ಮ ಯಾದವಗಿರಿಗೇ ಬಂದೆ. ಅವರ ‘ದಿ ಇಂಗ್ಲಿಷ್ ಟೀಚರ್’ ನಾನು ಕಾಲೇಜಿನಲ್ಲಿ ಓದಿದ್ದ ಪುಸ್ತಕ. ಅದೇ ಪ್ರತಿ ಟ್ರಂಕಿನಲ್ಲಿ ಸಿಕ್ಕಿತು. ಮೊದಲ ಅರ್ಧದಲ್ಲಿ ಮೇಷ್ಟ್ರು, ಅವನ ಹೆಂಡತಿ ಸುಶೀಲಾ, ಮಗು, ಮನೆ ಹುಡುಕಾಟ, ಟೈಫಾಯ್ಡು, ಸಾವು. ಅಲ್ಲಿಯವರೆಗೆ ನಾನು ಅಡಿಗೆರೆ ಎಳೆದು ಮೆಚ್ಚಿದ್ದೇನೆ. ಎರಡನೆಯ ಅರ್ಧದಲ್ಲಿ ಒಬ್ಬನ ಪೆನ್ಸಿಲ್ಲಿನ ಮೂಲಕ ಸತ್ತ ಹೆಂಡತಿ ಮಾತಾಡತೊಡಗುತ್ತಾಳೆ. ಅಲ್ಲಿ ಅಂಚಿನಲ್ಲಿ ಇಪ್ಪತ್ತರ ನನ್ನ ಕೈಬರಹ: “ಮೂಢನಂಬಿಕೆ. ಲೇಖಕ ಎಡವಿದ್ದಾನೆ.” ಕೆಂಪು ಶಾಯಿ ಬೇರೆ, ಇನ್ನೂ ಮೇಷ್ಟ್ರೇ ಆಗಿರಲಿಲ್ಲ ನಾನು.

ನಾರಾಯಣರ ಪತ್ನಿ ರಾಜಮ್ ಟೈಫಾಯ್ಡಿನಲ್ಲಿ ಹೋದದ್ದು 1939ರಲ್ಲಿ. ಮದುವೆಯಾಗಿ ಐದಾರು ವರ್ಷ, ಕೈಯಲ್ಲಿ ಪುಟ್ಟ ಮಗಳು. ಮದರಾಸಿನಲ್ಲಿ ಪೆನ್ಸಿಲ್ ಹಿಡಿದು ಆತ್ಮಗಳ ಮಾತು ಬರೆಯುವವರೊಬ್ಬರ ಮುಂದೆ ನಾರಾಯಣ್ ಹೋಗಿ ಕೂತದ್ದು ನಿಜ. ಪುಸ್ತಕ ಬಂದದ್ದು 1945ರಲ್ಲಿ. ಅದರಲ್ಲಿ ಕಲ್ಪನೆಯ ಪಾಲು ಬಹಳ ಕಡಿಮೆ ಎಂದು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡರು. ಅಂದರೆ ಮೈಸೂರಿನ ಅತ್ಯಂತ ಹಾಸ್ಯಪ್ರಿಯ ಲೇಖಕ ಬರೆದದ್ದು, ನಮ್ಮ ಗುಂಪಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ದೆವ್ವದ ಲವ್ ಸ್ಟೋರಿ. ಆ ರಾತ್ರಿ ಎರಡನೆಯ ಅರ್ಧವನ್ನು ಮತ್ತೆ ಓದಿದೆ. ಪೆನ್ಸಿಲ್ ಕಥೆಯನ್ನು ಈಗಲೂ ನಂಬುವುದಿಲ್ಲ. ಕೆಂಪು ಶಾಯಿಯ ಸಾಲನ್ನು ಮಾತ್ರ ಹೊಡೆದುಹಾಕಿದೆ. ಹಸಿರು ಶಾಯಿ ಇದ್ದಿದ್ದರೆ ಏನಾದರೂ ಬರೆಯುತ್ತಿದ್ದೆ.

ಕಳೆದ ದಸರಾ ರಜೆಯಲ್ಲಿ ಮೂವರು ಮೈಸೂರಿಗೆ ಬಂದರು. ಮೊದಲ ಸಲ ಮುಖ ನೋಡುವುದು ಎಲ್ಲಿ ಎಂಬ ಚರ್ಚೆಯಲ್ಲಿ ಅರಮನೆ, ಚಾಮುಂಡಿ ಬೆಟ್ಟಗಳನ್ನು ನಾರಾಯಣರ ಮನೆ ಸೋಲಿಸಿತು. 2016ರಿಂದ ಅದು ವಸ್ತುಸಂಗ್ರಹಾಲಯ. ಬಿಳಿ ಗೋಡೆಗಳ ಮನೆ. ಅವರ ಕೋಟು, ಪುಸ್ತಕಗಳು, ಫೋಟೋಗಳು. ದನಿಯಲ್ಲಿ ಇಪ್ಪತ್ತೈದರಂತಿದ್ದ ಪುತ್ತೂರಿನವರು ಐವತ್ತು ದಾಟಿದ್ದರು. ತುಮಕೂರಿನವರು ಚಕ್ಕುಲಿ ತಂದಿದ್ದರು. ಧಾರವಾಡದವರು ಪೇಡೆ, ಮತ್ತೆ ದೇವರಾಜ ಮಾರುಕಟ್ಟೆಯಲ್ಲಿ ಇಳಿದು ಕೊಂಡ ಒಂದು ಮೊಳ ಮೈಸೂರು ಮಲ್ಲಿಗೆ. “ಇದು ಅಕ್ಕಗ ತಂದೇನಿ” ಎಂದು ಕೊಟ್ಟರು. ಎಲ್ಲಿ ಇಡಬೇಕೆಂದು ಹೊಳೆಯದೆ ಷರ್ಟಿನ ಜೇಬಿಗೆ ಹಾಕಿಕೊಂಡೆ. ನಾರಾಯಣರ ಪುಸ್ತಕದ ಕೊನೆಯಲ್ಲೂ ಮಲ್ಲಿಗೆ ಬರುತ್ತದೆ. ಅದನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಓದಿದ್ದರು. ಸಂಜೆ ಆಟೋದವನು ಹಿಂದಿರುಗಿ ನೋಡಿ, “ಏನ್ ಸಾರ್, ಘಮ್ಮಂತಿದೀರ” ಎಂದ.

ಅವಳ ಸಿಮ್ಮಿಗೆ 28 ದಿನಕ್ಕೊಮ್ಮೆ ನಾನೇ ಹಣ ತುಂಬುತ್ತೇನೆ. ಅಗ್ರಹಾರದ ಅಂಗಡಿಯ ಹುಡುಗನಿಗೆ ಇದು ಒಗಟು. “ಸಾರ್, ಒಂದೇ ಸಲ ವರ್ಷದ್ದು ಹಾಕ್ಸಿಬಿಡಿ, ಉಳಿಯತ್ತೆ. ಇಲ್ಲಾಂದ್ರೆ ನಿಮ್ಮ ನಂಬರಿಗೇ ವಾಟ್ಸಾಪ್ ಬದಲಾಯಿಸಿಕೊಡ್ತೀನಿ, ಐದೇ ನಿಮಿಷ.” ಬೇಡಪ್ಪ ಎನ್ನುತ್ತೇನೆ. ಚಂದ್ರ ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಬರಲು ಇಪ್ಪತ್ತೊಂಬತ್ತೂವರೆ ದಿನ ತೆಗೆದುಕೊಳ್ಳುತ್ತಾನೆ, ಈ ಕಂಪನಿಯವರು ಒಂದೂವರೆ ದಿನ ಹೊಡೆಯುತ್ತಾರಲ್ಲ, ಆ ಲೆಕ್ಕವೊಂದೇ ನನಗೆ ಸರಿಹೋಗುವುದಿಲ್ಲ.

ನಿನ್ನೆ ರಾತ್ರಿ ಹತ್ತೂವರೆಗೆ ಹೊಸ ಕಥೆಯ ಹನ್ನೆರಡನೆಯ ಅಧ್ಯಾಯ ಬಂತು. ತೆರೆಯುವಷ್ಟರಲ್ಲಿ ಹಾಸನದ ಹುಡುಗಿಯ ಮೆಸೇಜು. ಅಲ್ಲಿ ಅವಳಿಗೆ ಬೆಳಗು.

“ಲೋಟ ತೊಳೆದ್ರಾ ಸರ್?”

“ತೊಳೆದೆ” ಎಂದು ಬರೆದೆ.

ಸುಳ್ಳು. ಲೋಟ ಪೇಪರಿನ ಮೇಲೇ ಇತ್ತು, ಕೆಳಗೆ ದುಂಡನೆ ಕಂದು ಗುರುತು. ಎದ್ದು ಹೋಗಿ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು ಬಂದು ಕೂತೆ. ಅಷ್ಟರಲ್ಲಿ ಧಾರವಾಡದವರು ಅಧ್ಯಾಯ ಓದಿ ಮುಗಿಸಿ ಕೊನೆ ಏನೆಂದು ಹೇಳಿಬಿಟ್ಟಿದ್ದರು.